ಜೂನ್ ಒಂದರಂದು ಹುಟ್ಟಿದವನು

ಆಗಸ್ಟ್ ೧೧, ೨೦೨೫, ಸೋಮವಾರ

ಕೊನೆಗೂ ಕಾಗದ ಬಂತು. ತೀರ್ಥಹಳ್ಳಿಯ ಹಳೇ ವಿದ್ಯಾರ್ಥಿಗಳ ಬಳಗದವರು ಶಿಕ್ಷಕರ ದಿನದಂದು ನನಗೆ ಸನ್ಮಾನ ಮಾಡುತ್ತಾರಂತೆ. "ಹುಲಿಕಲ್ ಹತ್ತಿರದ ನೇರಲಕೊಡಿಗೆಯಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋಗಲಿದ್ದ ಶಾಲೆಯನ್ನು ಒಬ್ಬರೇ ನಿಂತು ಉಳಿಸಿದ ತುಂಗಮ್ಮ ಟೀಚರ್" ಎಂದು ಬರೆದಿದ್ದಾರೆ. ನಿವೃತ್ತಳಾಗಿ ಕೋಣಂದೂರಿನ ಈ ಮನೆಯಲ್ಲಿ ಕೂತು ಮೂರು ವರ್ಷವಾಯಿತು. ಎಲ್ಲರೂ ಮರೆತೇಬಿಟ್ಟರು ಅಂದುಕೊಂಡಿದ್ದೆ. ಕಾಗದದಲ್ಲಿ ಕಾಗುಣಿತದ ತಪ್ಪು ನಾಲ್ಕು. ಕೆಂಪು ಪೆನ್ನಿನಲ್ಲಿ ತಿದ್ದಿದ ಮೇಲೆ ಸಮಾಧಾನವಾಯಿತು.

ಇವರಿಗೆ ಓದಿ ಹೇಳಿದೆ. ನಲವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದ ಗಂಡನಿಗೆ ಹೆಂಡತಿಯ ಸನ್ಮಾನಕ್ಕಿಂತ ಬಸ್ಸೇ ಮುಖ್ಯ. "ಐದನೇ ತಾರೀಖು ಶುಕ್ರವಾರ. ಒಂಬತ್ತೂ ಕಾಲಿನ ಗಾಡಿ ನಂಬಂಗಿಲ್ಲ ಮಾರಾಯ್ತಿ, ಎಂಟೂವರೆದಕ್ಕೇ ಹೋಗ್ಬೇಕು" ಅಂದರು. ಆಮೇಲೆ, "ಶಾಲು ಕೊಡ್ತಾರಾ, ಬರೀ ಹಾರನಾ?" ಎಂದು ಕೇಳಿ ನಕ್ಕರು. ಶಾಲು ಕೊಟ್ಟರೆ ಮೊದಲು ಹೊದೆಯುವವರು ಇವರೇ.

ಭಾಷಣಕ್ಕೆ ಐದು ನಿಮಿಷವಂತೆ. ಈಗಲೇ ಬರೆದಿಡಬೇಕು.

ಆಗಸ್ಟ್ ೧೪, ಗುರುವಾರ

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ನೇರಲಕೊಡಿಗೆಯ ಮಾಸ್ತಮ್ಮ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು, ಸೀರೆ ಮಂಡಿವರೆಗೆ ಒದ್ದೆ. ಗಂಡ ಕೆರಿಯಪ್ಪ ಸತ್ತ ಮೇಲೆ ಕೂಲಿ ಮಾಡಿ ಒಬ್ಬನೇ ಮಗನನ್ನು ಪಿಯುಸಿವರೆಗೆ ಓದಿಸಿದವಳು. ಮಗ ಹೋದ ವರ್ಷ ದುಬೈಗೆ ಹೋದನೆಂದು ಕೇಳಿದ್ದೆ. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಆ ಹುಡುಗನ ಸುದ್ದಿಯೇ ಇರಬೇಕು, ಸಿಹಿ ತಂದಿರಬೇಕು ಅಂದುಕೊಂಡೆ.

"ಅಕ್ಕೋರೇ, ಅಭಿ ಮಿಲಿಟ್ರಿಗೆ ಸೇರ್ಕಂಡಿದಾನೆ" ಅಂದಳು. ಆ ಕಡೆಯವರಿಗೆ ಟೀಚರ್ ಅಂದರೆ ಈಗಲೂ ಅಕ್ಕೋರೇ.

"ಒಳ್ಳೇದಾಯ್ತಲ್ಲ ಮಾಸ್ತಮ್ಮ."

"ನಮ್ಮ ಮಿಲಿಟ್ರಿ ಅಲ್ಲ ಅಕ್ಕೋರೇ. ರಷ್ಯಾದ್ದಂತೆ. ಅಲ್ಲಿ ಯುದ್ಧ ನಡೀತೈತಲ್ಲ, ಅದ್ಕೆ."

ದುಬೈಯ ಗೋದಾಮು ಮುಚ್ಚಿತಂತೆ. ಯಾರೋ ಏಜೆಂಟು ರಷ್ಯಾದಲ್ಲಿ ಸೈನ್ಯದ ಅಡುಗೆಮನೆ ಕೆಲಸ, ದುಪ್ಪಟ್ಟು ಸಂಬಳ ಅಂದನಂತೆ. ಅಲ್ಲಿ ಹೋದ ಮೇಲೆ ಭಾಷೆ ತಿಳಿಯದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಅದು ಅಡುಗೆಮನೆಯ ಕಾಗದವಲ್ಲ ಎಂದು ಅವನಿಗೆ ಗೊತ್ತಾಗಿತ್ತಂತೆ, ಬರಿಗೈಲಿ ಊರಿಗೆ ಬರುವುದು ಹೇಗೆಂದು ಹಾಕಿದನಂತೆ. ಈಗ ಬಂದೂಕು ಕಲಿಸುತ್ತಿದ್ದಾರೆ.

"ನಿಮ್ಗೆ ಗೊತ್ತಲ್ಲ ಅಕ್ಕೋರೇ, ಅವನ್ಗೆ ಇನ್ನೂ ಹದ್ನೆಂಟು ತುಂಬಿಲ್ಲ. ಬರೋ ಶಿವರಾತ್ರಿಗೆ ತುಂಬೂದು. ಲಾಯರಮ್ಮ ಹೇಳಿದ್ರು, ನೀವೊಂದು ಮಾತು ಬರ್ದು ಕೊಟ್ರೆ ವಾಪಸ್ ಕರೆಸ್ಬೌದಂತೆ."

ಶಾಲೆಯ ರಿಜಿಸ್ಟರಿನಲ್ಲಿ ಇರುವುದೇ ಸರಿ, ಈಗ ಬದಲಾಯಿಸಲು ಬರುವುದಿಲ್ಲ ಎಂದೆ. ಮಾಸ್ತಮ್ಮ ಕಾಫಿ ಅರ್ಧ ಕುಡಿದು ಮೂರೂ ನಲವತ್ತರ ಬಸ್ಸಿಗೆ ಹೋದಳು.

ನನ್ನದೇನು ತಪ್ಪು? ಅವಳೇ ಅಲ್ಲವೇ ಹದಿಮೂರು ವರ್ಷದ ಹಿಂದೆ ಸೆರಗೊಡ್ಡಿ ಬೇಡಿಕೊಂಡು ಬಂದದ್ದು? ಕೂಲಿಗೆ ಹೋಗಬೇಕು, ಮಗುವನ್ನು ಎಲ್ಲಿ ಬಿಡಲಿ, ಸೇರಿಸಿಕೊಳ್ಳಿ ಅಕ್ಕೋರೇ ಅಂದಳು. ಅವಳು ಹೇಳಿದ ತಾರೀಖು ಬರೆದುಕೊಂಡೆ. ಉಪಕಾರ ಮಾಡಿದವರ ತಲೆಗೇ ಕೊನೆಗೆ ಎಲ್ಲ ಬರುವುದು.

ಆಗಸ್ಟ್ ೧೯, ಮಂಗಳವಾರ

ಹೊಸನಗರದಲ್ಲಿ ವಕೀಲಿಕೆ ಮಾಡುವ ಚೈತ್ರಾ ಬಂದಿದ್ದಳು. ತೀರ್ಥಹಳ್ಳಿ ಕೋರ್ಟಿನಿಂದ ವಾಪಸ್ ಹೋಗುವಾಗ ಇಲ್ಲಿ ಇಳಿದಳಂತೆ. ನನ್ನ ಶಾಲೆಯಲ್ಲೇ ಅಕ್ಷರ ಕಲಿತವಳು. ಈಗ ಕಪ್ಪು ಕೋಟು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನ ಮಂಚದ ಮೇಲೆ ಕೂತು ನನಗೇ ಪ್ರಶ್ನೆ ಕೇಳುತ್ತಾಳೆ.

"ಟೀಚರ್, ಹದಿನೆಂಟು ತುಂಬದವನ ಸಹಿ ನಿಲ್ಲೋದಿಲ್ಲ. ರಷ್ಯಾದಲ್ಲಿರೋ ನಮ್ಮ ದೂತಾವಾಸದವರಿಗೆ ಫೋನ್ ಮಾಡಿದ್ದೆ, ಚೆನ್ನಾಗೇ ಮಾತಾಡಿದ್ರು. ನಿಜವಾದ ಹುಟ್ಟಿದ ತಾರೀಖಿಗೆ ಒಂದು ಸರ್ಕಾರಿ ಆದೇಶ ಕಳಿಸಿ, ಸೈನ್ಯದವರನ್ನ ನಾವು ಕೇಳ್ತೀವಿ ಅಂದ್ರು. ಸಾಗರದ ಎ.ಸಿ. ಆಫೀಸಲ್ಲಿ, ಉಪವಿಭಾಗಾಧಿಕಾರಿಗಳ ಹತ್ರ, ಅದು ಆಗುತ್ತೆ. ಆದ್ರೆ ಪುರಾವೆ ಬೇಕು."

ಹೆರಿಗೆ ಆದದ್ದು ಮನೆಯಲ್ಲೇ. ಪಂಚಾಯ್ತಿಯಲ್ಲಿ ಬರೆಸಿಲ್ಲ. ಅಂಗನವಾಡಿಯ ಪುಸ್ತಕ ಗೆದ್ದಲು ತಿಂದಿದೆ. ಬಾಣಂತನ ಮಾಡಿದ ದುಗ್ಗಮ್ಮ ತೀರಿಕೊಂಡಿದ್ದಾಳೆ. ಇನ್ನು ಉಳಿದವಳು ನಾನೊಬ್ಬಳೇ ಎಂದು ಬೆರಳು ಮಡಿಸಿ ಎಣಿಸಿದಳು.

"ಶಾಲೆಗೆ ಸೇರಿಸುವಾಗ ನೀವು ಎಲ್ಲಾದ್ರೂ ಬರೆದಿಟ್ಟಿದ್ರಾ? ಒಂದು ಚೀಟಿ ಆದ್ರೂ ಸಾಕು."

ಇಲ್ಲ ಎಂದೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ನಂದೂ ಜೂನ್ ಒಂದೇ ಟೀಚರ್. ನೀವು ಕೊಟ್ಟಿದ್ದು" ಎಂದು ನಕ್ಕಳು. ಅದು ನಿಜ. ನನ್ನ ಕೈಯಲ್ಲಿ ಸೇರಿದ ಮಕ್ಕಳಲ್ಲಿ ಅರ್ಧಕ್ಕೆ ಅರ್ಧ ಜೂನ್ ಒಂದರಂದು ಹುಟ್ಟಿದವರು. ಮಳೆಗಾಲದಲ್ಲಿ ಹುಟ್ಟಿದ್ದು, ದೀಪಾವಳಿ ಆದ ಮೇಲೆ ಹುಟ್ಟಿದ್ದು ಎನ್ನುವ ತಾಯಂದಿರಿಗೆ ಮೇಷ್ಟರುಗಳೆಲ್ಲ ಕೊಡುತ್ತಿದ್ದ ತಾರೀಖು ಅದು. ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ ವರ್ಷ ತುಂಬುತ್ತದೆ, ಲೆಕ್ಕ ಸುಲಭ. ಇದರಿಂದ ಯಾರ ಮನೆ ಹಾಳಾಗಿದೆ?

ಆಗಸ್ಟ್ ೨೦, ಬುಧವಾರ

ಚೈತ್ರಾ ಕೂತಿದ್ದ ಮಂಚದ ಕೆಳಗೆ ಟ್ರಂಕು ಇದೆ. ಮೂವತ್ತನಾಲ್ಕು ವರ್ಷದ ದಿನಚರಿಗಳೂ ಅದರಲ್ಲಿವೆ. ೨೦೧೨ರದ್ದೂ ಇರಬೇಕು. ಏನು ಬರೆದಿದ್ದೇನೋ ನೆನಪಿಲ್ಲ. ಅಷ್ಟು ಹಳೆಯದನ್ನು ತೆಗೆದರೆ ಧೂಳಿಗೆ ಶೀತವಾಗುತ್ತದೆ.

ಇವರಿಗೆ ಹೇಳಿದೆ. "ಸುಮ್ನಿರೇ. ಬೇಕಂತಲೇ ತಪ್ಪು ತಾರೀಖು ಹಾಕಿದೀನಿ ಅಂತ ನೀನೇ ಬರ್ದು ಕೊಟ್ರೆ ಇಲಾಖೆಯವ್ರು ಬಿಡ್ತಾರಾ? ಪಿಂಚಣಿಗೆ ಕೈ ಹಾಕಿದ್ರೆ ಎಂತ ಮಾಡ್ತಿ? ಅದೂ ಸನ್ಮಾನ ಇಟ್ಕಂಡು!" ಅಂದರು.

ಬೇಕಂತಲೇ ಹಾಕಿದ್ದಲ್ಲ. ಮಾಸ್ತಮ್ಮ ತಾರೀಖು ಹೇಳಲಿಲ್ಲ, ಶಿವರಾತ್ರಿ ಹಿಂದುಮುಂದು ಅಂದಳು ಅಷ್ಟೆ. ಎಲ್ಲರಿಗೂ ಹಾಕುವ ಜೂನ್ ಒಂದನ್ನು ಅವನಿಗೂ ಹಾಕಿದೆ. ವರ್ಷ ಒಂದಿಷ್ಟು ಆಚೀಚೆ ಆಗಿರಬಹುದು.

ಆಗಸ್ಟ್ ೨೪, ಭಾನುವಾರ

ಮಾಸ್ತಮ್ಮ ಮತ್ತೆ ಬಂದಳು. ಮಗ ಕಳಿಸಿದ ಧ್ವನಿ ಸಂದೇಶವನ್ನು ಫೋನಿನಲ್ಲಿ ಕೇಳಿಸಿದಳು. ಗಂಟಲು ಒಡೆದ ದನಿ, ಆದರೂ ಮಾತಿನ ಕೊನೆಯನ್ನು ಎಳೆಯುವುದು ಹಾಗೇ ಇದೆ.

"ಅಮ್ಮ, ನಾನು ಚೆನ್ನಾಗಿದೀನಿ. ಊಟಕ್ಕೇನು ತೊಂದ್ರೆ ಇಲ್ಲ. ಅನ್ನ ಸಿಗಲ್ಲ ಅಷ್ಟೇ. ಬೂಟು ದೊಡ್ಡದಾಗುತ್ತೆ, ಎರಡು ಜೊತೆ ಕಾಲುಚೀಲ ಹಾಕ್ತೀನಿ. ಸೆಪ್ಟೆಂಬರ್ ಹತ್ತಕ್ಕೆ ನಮ್ಮನ್ನ ಮುಂದೆ ಕಳಿಸ್ತಾರಂತೆ. ಅಲ್ಲಿ ಫೋನ್ ಇಲ್ವಂತೆ. ಹೆದರ್ಬೇಡ."

ಯಾವ ತರಗತಿಯಲ್ಲೂ ಸಾಲಿನಲ್ಲಿ ಅವನೇ ಕುಳ್ಳ. ಹತ್ತನೇ ತರಗತಿಯ ಗುಂಪು ಫೋಟೋದಲ್ಲಿ ಮುಂದಿನ ಸಾಲಿಗೆ ಕೂರಿಸಿದ್ದಾರೆ. ನಾನೆಂತಕ್ಕೆ ಉದ್ದ ಆಗಲ್ಲ ಎಂದು ತಾಯಿಯನ್ನು ಕೇಳುತ್ತಿದ್ದನಂತೆ.

"ಐದನೇ ತಾರೀಖು ಒಂದು ಕಾರ್ಯಕ್ರಮ ಇದೆ ಮಾಸ್ತಮ್ಮ. ಅದು ಕಳೀಲಿ. ಆಮೇಲೆ ನೋಡುವ" ಎಂದೆ.

"ಹತ್ತಕ್ಕೆ ಕಳಿಸ್ತಾರಂತಲ್ಲ ಅಕ್ಕೋರೇ."

"ಐದಾದ ಮೇಲೆ ಹತ್ತಲ್ವಾ? ಇನ್ನೂ ಐದು ದಿನ ಇರುತ್ತೆ."

ಅವಳು ಬೆರಳಲ್ಲಿ ಎಣಿಸಿ ಹೂಂ ಅಂದಳು. ನಾನು ಹೇಳಿದರೆ ಆಯಿತು, ಅವಳಿಗೆ ಮೊದಲಿನಿಂದಲೂ ಹಾಗೆ.

ಸೆಪ್ಟೆಂಬರ್ ೫, ಶುಕ್ರವಾರ

ಸನ್ಮಾನ ಚೆನ್ನಾಗಿಯೇ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನಲ್ಲಿ ಬಿನ್ನವತ್ತಳೆ. ಸಭಾಂಗಣ ತುಂಬಿತ್ತು. ಇವರು ಮುಂದಿನ ಸಾಲಿನಲ್ಲಿ ಇಸ್ತ್ರಿ ಪಂಚೆ ಉಟ್ಟು ಕೂತಿದ್ದರು.

ಬರೆದಿಟ್ಟ ಭಾಷಣ ಓದಬೇಕೆಂದು ಎದ್ದೆ. ಆದರೆ ಮೈಕು ಹಿಡಿದ ಹುಡುಗಿ, "ಟೀಚರ್, ಶಾಲೆ ಉಳಿಸಿದ ಕಥೆ ಹೇಳಿ" ಅಂದಳು. ಹೇಳಿದೆ. ಆ ವರ್ಷ ಒಂಬತ್ತೇ ಮಕ್ಕಳು, ಹತ್ತಾಗದಿದ್ದರೆ ಶಾಲೆಯನ್ನು ಪಕ್ಕದೂರಿಗೆ ಸೇರಿಸುತ್ತಾರೆಂಬ ಮಾತಿತ್ತು. ಮನೆ ಮನೆ ಅಲೆದೆ. ಕೊನೆಗೆ ಒಂದು ಪುಟ್ಟ ಹುಡುಗನನ್ನು ಎತ್ತಿಕೊಂಡೇ ಬಂದೆ. ಬೆಳಗಿನ ಪಾಠವೆಲ್ಲ ನಿದ್ದೆ. ನನ್ನ ಮೇಜಿನ ಕೆಳಗೆ ಗೋಣಿ ಹಾಸಿ ಮಲಗಿಸುತ್ತಿದ್ದೆ. ಚಡ್ಡಿ ಒದ್ದೆ ಮಾಡಿಕೊಂಡರೆ ಇರಲಿ ಎಂದು ಬೀರುವಿನಲ್ಲಿ ಎರಡು ಚಡ್ಡಿ ಇಟ್ಟಿದ್ದೆ. ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿದು ಹದಿನೈದು ದಿನ ಅವನಿಗೆ ಒಂದೇ ಪಾಠ: ನಿನಗೆಷ್ಟು ವರ್ಷ? ಆರು. ಹುಟ್ಟಿದ್ದು ಯಾವಾಗ? ಒಂದನೇ ಜೂನ್ ಎರಡು ಸಾವಿರದ ಆರು. ಸರಿಯಾಗಿ ಹೇಳಿದರೆ ಒಂದು ನಿಂಬೆಹುಳಿ ಪೆಪ್ಪರಮೆಂಟು. ತಪ್ಪಿದರೆ ಬೆಂಚಿನ ಮೇಲೆ ನಿಲ್ಲುವುದು. ಇನ್‌ಸ್ಪೆಕ್ಟರು ಬಂದ ದಿನ ಅವನು ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಹೆಬ್ಬೆರಳು ಎತ್ತಿ ತೋರಿಸಿ ಗಟ್ಟಿಯಾಗಿ ಹೇಳಿಬಿಟ್ಟ. ಅವರು ಬೆನ್ನು ತಟ್ಟಿದರು.

ಸಭೆಯಲ್ಲಿ ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆ ಹುಡುಗ ಈಗ ಎಲ್ಲಿದ್ದಾನೆ ಟೀಚರ್ ಎಂದು ಮೈಕಿನ ಹುಡುಗಿ ಕೇಳಿದಳು. ಹೊರದೇಶದಲ್ಲಿ ಎಂದೆ. ಮತ್ತೂ ಜೋರು ಚಪ್ಪಾಳೆ.

ಊಟ ಸೇರಲಿಲ್ಲ. ಬಸ್ಸಿನಲ್ಲಿ ಇವರು ಶಾಲು ಹೊದ್ದು ಮಲಗಿದ್ದರು. ಹೋಳಿಗೆ ಒಣಗಿತ್ತು, ಅದಕ್ಕೇ ಇರಬೇಕು.

ಸೆಪ್ಟೆಂಬರ್ ೬, ಶನಿವಾರ

ಟ್ರಂಕು ತೆಗೆದೆ. ೨೦೧೨ರ ಪುಸ್ತಕ ತಳದಲ್ಲೇನೂ ಇರಲಿಲ್ಲ, ಮೇಲೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

"೨೮-೫-೨೦೧೨, ಸೋಮವಾರ. ಒಂಬತ್ತು ಮಕ್ಕಳು. ಹತ್ತಾಗದಿದ್ದರೆ ಶಾಲೆ ಮುಚ್ಚುತ್ತಾರೆ, ನನ್ನನ್ನು ತುಮರಿ ಕಡೆ ಹಾಕುತ್ತಾರೆ. ದಿನಾ ಲಾಂಚಿನಲ್ಲಿ ಹಿನ್ನೀರು ದಾಟುವುದು ನನ್ನಿಂದ ಆಗದು. ಸಂಜೆ ಮಾಸ್ತಮ್ಮನ ಮನೆಗೆ ಮೂರನೇ ಸಲ ಹೋದೆ. ಮಗು ಹೊಸಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿತ್ತು. 'ಇನ್ನೂ ಎದೆಹಾಲು ಬಿಟ್ಟಿಲ್ಲ ಅಕ್ಕೋರೇ, ಎರಡು ವರ್ಷ ಹೋಗ್ಲಿ, ನಾನೇ ಕರ್ಕಂಡು ಬತ್ತೀನಿ' ಅಂದಳು. ಹುಟ್ಟಿದ್ದು ಶಿವರಾತ್ರಿಗೆ ಹದಿನೈದು ದಿನ ಮೊದಲು ಒಂದು ಭಾನುವಾರವಂತೆ. ಹಳೇ ಕ್ಯಾಲೆಂಡರ್ ನೋಡಿದೆ: ೧೭-೨-೨೦೦೮. ನಾಲ್ಕು ವರ್ಷ ಮೂರು ತಿಂಗಳು. ಬಿಸಿಯೂಟ ಸಿಗುತ್ತದೆ, ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ, ಏನೂ ಆಗುವುದಿಲ್ಲ ಎಂದು ಒಪ್ಪಿಸಿದೆ. ರಿಜಿಸ್ಟರಿನಲ್ಲಿ ೧-೬-೨೦೦೬ ಎಂದು ಬರೆದೆ. ಶಾಲೆ ಉಳಿಯಿತು. ಈವತ್ತು ಒಳ್ಳೆ ನಿದ್ದೆ ಬರುತ್ತದೆ."

ಮಾಸ್ತಮ್ಮ ಬೇಡಿಕೊಂಡು ಬಂದಿರಲಿಲ್ಲ. ನಾನು ಹೋಗಿದ್ದೆ. ಮೂರು ಸಲ.

ಇವರಿಗೆ ಪುಸ್ತಕ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, "ಸೋಮವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಹೊಸನಗರಕ್ಕೆ ಸೀದಾ ಗಾಡಿ ಐತೆ. ಸೀಟು ಹೇಳಿಡ್ತೀನಿ" ಅಂದರು.

ಸೆಪ್ಟೆಂಬರ್ ೮, ಸೋಮವಾರ

ಹೊಸನಗರ. ಚೈತ್ರಾ ಆ ಪುಟ ಓದಿ ತಲೆ ಎತ್ತಿದಳು.

"ಟೀಚರ್, ಹತ್ತೊಂಬತ್ತನೇ ತಾರೀಖು ನಾನು ನಿಮ್ಮನೆಗೆ ಬಂದಾಗ ಈ ಪುಸ್ತಕ ಎಲ್ಲಿತ್ತು?"

"ಟ್ರಂಕಲ್ಲಿ."

"ನಾನು ಕೂತಿದ್ದ ಮಂಚದ ಕೆಳಗಿನ ಟ್ರಂಕಾ?"

ಹೌದು ಎಂದೆ. ಅವಳು ಕಂಪ್ಯೂಟರಿನ ಕಡೆ ತಿರುಗಿ ಅಫಿಡವಿಟ್ಟು ಟೈಪು ಮಾಡಿದಳು. ಇಪ್ಪತ್ತು ನಿಮಿಷದ ಕೆಲಸ. 'ಮಗುವಿನ ನಿಜವಾದ ವಯಸ್ಸು ತಿಳಿದಿದ್ದೂ' ಎಂಬ ಮಾತನ್ನು ನಾನೇ ಸೇರಿಸಲು ಹೇಳಿದೆ. ಇಪ್ಪತ್ತು ದಿನ ಕಾಯಿಸಿದ್ದೇನೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೋಗುವಾಗ ಯಾವಾಗಲೂ ಕಾಲು ಮುಟ್ಟುತ್ತಿದ್ದವಳು ಈವತ್ತು ಮುಟ್ಟಲಿಲ್ಲ.

ಸಾಗರದಲ್ಲಿ ಶುಕ್ರವಾರಕ್ಕೆ ಹಾಜರಾಗಬೇಕು. ಇನ್ನೂ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. "ಇದೇ ಬೇಗ ಟೀಚರ್. ಬೇಡಿಕೊಂಡು ಸಿಕ್ಕಿದ ದಿನ" ಅಂದಳು.

ಸೆಪ್ಟೆಂಬರ್ ೧೦, ಬುಧವಾರ

ಈವತ್ತು ಹತ್ತನೇ ತಾರೀಖು.

ಸೆಪ್ಟೆಂಬರ್ ೧೨, ಶುಕ್ರವಾರ

ಸಾಗರ. ಅಧಿಕಾರಿ ಚಿಕ್ಕ ವಯಸ್ಸಿನವರು, ನನ್ನನ್ನು ಅಮ್ಮಾ ಎಂದೇ ಕರೆದರು. ನನ್ನ ದಿನಚರಿ ಅವರ ಮೇಜಿನ ಮೇಲೆ ತೆರೆದಿತ್ತು. ಗಂಡನಿಗೂ ತೋರಿಸದೆ ಬರೆದುಕೊಂಡದ್ದನ್ನು ಗುಮಾಸ್ತರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಓದಿದರು. 'ಈವತ್ತು ಒಳ್ಳೆ ನಿದ್ದೆ ಬರುತ್ತದೆ' ಎಂಬಲ್ಲಿಗೆ ಬಂದಾಗ ಅವರ ದನಿ ಸಣ್ಣದಾಯಿತು. ಮಾಸ್ತಮ್ಮ ಪಕ್ಕದಲ್ಲೇ ನಿಂತುಕೊಂಡಿದ್ದಳು. ನೆಲ ಬಿಟ್ಟು ಬೇರೆಲ್ಲೂ ನೋಡಲು ನನಗೆ ಧೈರ್ಯವಿರಲಿಲ್ಲ.

"ಗೊತ್ತಿದ್ದೂ ಬರೆದ್ರಾ ಅಮ್ಮಾ?"

"ಗೊತ್ತಿದ್ದೂ ಬರೆದೆ."

"ಈ ಹೇಳಿಕೆಯಿಂದ ನಿಮಗೆ ತೊಂದರೆ ಆಗಬಹುದು. ಗೊತ್ತಲ್ವಾ?"

ಗೊತ್ತು ಎಂದೆ. ಒಂದು ವಾರದೊಳಗೆ ಆದೇಶ ಮಾಡುತ್ತೇನೆ ಅಂದರು.

ಹೊರಗೆ ಬಂದ ಮೇಲೆ ಮಾಸ್ತಮ್ಮ ನನಗೆ ಕಬ್ಬಿನಹಾಲು ಕೊಡಿಸಿದಳು. "ಬಿಸಿಲಿಗೆ ಬಾಡಿ ಹೋಗಿದೀರಿ, ಕುಡೀರಿ" ಅಂದಳು. ಬೇಡವೆಂದರೆ ಕೇಳಲಿಲ್ಲ.

ಸೆಪ್ಟೆಂಬರ್ ೧೯, ಶುಕ್ರವಾರ

ಆದೇಶ ಸಿಕ್ಕಿತು. ಹುಟ್ಟಿದ ದಿನಾಂಕ ೧೭-೨-೨೦೦೮. ಚೈತ್ರಾ ಅದನ್ನು ಇಂಗ್ಲಿಷಿಗೆ ಮಾಡಿಸಿ ಈವತ್ತೇ ದೂತಾವಾಸಕ್ಕೆ ಕಳಿಸಿದಳು. ತಕ್ಷಣ ಕೇಳುತ್ತೇವೆ ಎಂದು ಅವರು ಉತ್ತರ ಬರೆದಿದ್ದಾರೆ.

ಅಭಿಷೇಕ ಬಂದರೆ ಮೊದಲು ಇಲ್ಲಿಗೆ ಕರೆದುಕೊಂಡು ಬಾ ಎಂದು ಮಾಸ್ತಮ್ಮನಿಗೆ ಹೇಳಬೇಕು. ಅನ್ನ ಸಿಗುವುದಿಲ್ಲ ಅಂದಿದ್ದ.

ಸೆಪ್ಟೆಂಬರ್ ೨೧, ಭಾನುವಾರ

ಮಾಸ್ತಮ್ಮನ ಮನೆಗೆ ನಾನೇ ಹೋದೆ. ಹುಲಿಕಲ್ಲಿನಲ್ಲಿ ಇಳಿದು ಕಾಲುದಾರಿಯಲ್ಲಿ ನಡೆಯುವಾಗ ನಾಲ್ಕು ಕಡೆ ಉಂಬಳ ಹತ್ತಿ ರಕ್ತ ಹೀರಿತು. ಶಾಲೆಯ ಮುಂದೆ ಹಾದುಹೋದೆ, ಒಳಗೆ ಹೋಗಲಿಲ್ಲ.

ಒಂಬತ್ತನೇ ತಾರೀಖಿನಿಂದ ಅವನ ಫೋನಿಲ್ಲ. ಆ ದಿನ ಬೆಳಗ್ಗೆ ಎರಡು ಸಂದೇಶ ಕಳಿಸಿದ್ದಾನೆ. ಒಂದು ಅಮ್ಮನಿಗೆ. "ಇನ್ನೊಂದು ನಿಮ್ಗೆ ಅಕ್ಕೋರೇ. ಸಾಗರದಲ್ಲೇ ಕೇಳಿಸ್ಬೇಕಿತ್ತು. ನಿಮ್ಮ ಮುಖ ನೋಡಿ ಬ್ಯಾಡ ಅನ್ನಿಸ್ತು" ಅಂದಳು ಮಾಸ್ತಮ್ಮ.

ಮೂರು ಸಲ ಕೇಳಿದೆ. ಹೇಳಿದ್ದನ್ನೆಲ್ಲ ಬರೆದಿಡುತ್ತೇನೆ.

"ಟೀಚರ್, ನಮಸ್ತೆ. ನಾನು ಅಭಿಷೇಕ. ನೀವು ಬರೆದು ಕೊಡ್ತಿದೀರಿ ಅಂತ ಅಮ್ಮ ಹೇಳಿದ್ರು. ನಿಮಗೆ ತೊಂದ್ರೆ ಆಗುತ್ತೆ ಅಂದ್ರೆ ಬೇಡ ಟೀಚರ್. ಒಂದು ವಿಷಯ ಹೇಳ್ಲಾ? ಇಲ್ಲಿ ಸಹಿ ಹಾಕೋ ದಿನ ಒಬ್ರು ವಯಸ್ಸಾದ ಆಫೀಸರ್ ಇದ್ರು. ನನ್ನ ಪಾಸ್‌ಪೋರ್ಟು ನೋಡಿದ್ರು, ಮುಖ ನೋಡಿದ್ರು. ನಿಜವಾಗ್ಲೂ ನಿನಗೆಷ್ಟು ವರ್ಷ ಅಂತ ಭಾಷೆ ಗೊತ್ತಿದ್ದೋರ ಹತ್ರ ಕೇಳಿಸಿದ್ರು. ನಿಜ ಹೇಳಿದ್ರೆ ಕಳಿಸಿಬಿಡ್ತೀನಿ ಅನ್ನೋ ಥರ ಇತ್ತು ಅವರ ಮುಖ. ನಂಗೆ ಹೆದರಿಕೆ ಆಯ್ತು. ಬಾಯಿಗೆ ಬಂದಿದ್ದು ಅದೇ. ಒಂದನೇ ಜೂನ್ ಎರಡು ಸಾವಿರದ ಆರು. ಒಂದು ಚೂರೂ ತಡವರಿಸ್ಲಿಲ್ಲ ಟೀಚರ್. ಅವರು ಸೀಲು ಒತ್ತಿದ್ರು. ಪೆಪ್ಪರಮೆಂಟು ಮಾತ್ರ ಕೊಡ್ಲಿಲ್ಲ."

ಕೊನೆಯಲ್ಲಿ ನಗುತ್ತಾನೆ.

ಅಕ್ಟೋಬರ್ ೬, ಸೋಮವಾರ

ಇಲಾಖೆಯಿಂದ ನೋಟಿಸು. ಜನ್ಮ ದಿನಾಂಕ ತಪ್ಪಾಗಿ ನಮೂದಿಸಿದ್ದಕ್ಕೆ ವಿವರಣೆ ಕೇಳಿದ್ದಾರೆ. ಪತ್ರಿಕೆಯಲ್ಲೂ ಸಣ್ಣ ಸುದ್ದಿ ಬಂದಿದೆಯಂತೆ. ಸನ್ಮಾನ ಮಾಡಿದವರು ಫೋನು ಮಾಡಲಿಲ್ಲ. ನೋಟಿಸಿನಲ್ಲಿ ಕಾಗುಣಿತದ ತಪ್ಪುಗಳಿವೆ. ಇರಲಿ.

ಅಕ್ಟೋಬರ್ ೧೩, ಸೋಮವಾರ

ಅವನ ಒಪ್ಪಂದ ರದ್ದು ಮಾಡಲು ಅಲ್ಲಿಯವರು ಒಪ್ಪಿದ್ದಾರೆ ಎಂದು ಚೈತ್ರಾ ಫೋನು ಮಾಡಿದಳು. ನಾನು ಅಡುಗೆಮನೆಯಿಂದಲೇ ಇವರನ್ನು ಕೂಗಿ ಕರೆದೆ. "ಆದರೆ ಟೀಚರ್, ಹುಡುಗ ಎಲ್ಲಿದಾನೆ ಅಂತ ಅವರಿಗೂ ಈಗ ಗೊತ್ತಿಲ್ವಂತೆ. ಹುಡುಕ್ತಿದಾರೆ" ಅಂದಳು.

ಅಕ್ಟೋಬರ್ ೨೨, ಬುಧವಾರ

ದೀಪಾವಳಿ. ಇವರು ಒಂದು ಹಣತೆ ಹಚ್ಚಿದರು. ಸುದ್ದಿ ಇಲ್ಲ.

ನವೆಂಬರ್ ೪, ಮಂಗಳವಾರ

ಸುದ್ದಿ ಬಂತು. ಸೆಪ್ಟೆಂಬರ್ ಹದಿನಾಲ್ಕರಂದೇ ಆಗಿದೆಯಂತೆ.

ಅಂದರೆ ಮುಂದೆ ಕಳಿಸಿದ ನಾಲ್ಕು ದಿನಕ್ಕೆ. ನಾನು ಆಗಸ್ಟ್ ಹದಿನಾಲ್ಕಕ್ಕೇ ಟ್ರಂಕು ತೆಗೆದಿದ್ದರೆ ಆದೇಶ ಆಗಸ್ಟ್ ಕೊನೆಗೆ ಸಿಗುತ್ತಿತ್ತು. ಬೆಳಗ್ಗೆಯಿಂದ ಈ ಲೆಕ್ಕವನ್ನು ಎಷ್ಟು ಸಲ ಹಾಕಿದೆನೋ. ಪ್ರತಿ ಸಲವೂ ಅವನು ಬದುಕುತ್ತಾನೆ.

ನವೆಂಬರ್ ೨೦, ಗುರುವಾರ

ಅಭಿ ಈವತ್ತು ಊರಿಗೆ ಬಂದ. ರಸ್ತೆ ಮುಗಿಯುವಲ್ಲಿ ಆಂಬುಲೆನ್ಸು ನಿಂತಿತು, ಅಲ್ಲಿಂದ ಹೆಗಲ ಮೇಲೆ ತಂದರು. ಮುಂದೆ ಹೊತ್ತವರಲ್ಲಿ ನನ್ನ ಶಾಲೆಯ ಮಕ್ಕಳೇ ನಾಲ್ವರು. ಪೆಟ್ಟಿಗೆ ತೆರೆಯಬೇಡಿ ಎಂದು ಮೇಲೆ ಬರೆದಿತ್ತು. ತೆರೆಯಲಿಲ್ಲ. ಮಾಸ್ತಮ್ಮ ಪೆಟ್ಟಿಗೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಲ್ಲಿ ಅಳೆದಳು. "ಉದ್ದ ಆಗಿದಾನೆ" ಅಂದಳು. ಇವರು ನನ್ನ ಕೈ ಬಿಟ್ಟು ಆಚೆ ಹೋದರು.

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಹುಟ್ಟಿದ ದಿನಾಂಕ ೧-೬-೨೦೦೬ ಎಂದೇ ಇತ್ತು. ನನ್ನ ತಾರೀಖು ಎಲ್ಲಿಂದ ಎಲ್ಲಿಯವರೆಗೆ ಹೋಗಿ ಬಂದಿದೆ.

ತಾಲ್ಲೂಕು ಆಫೀಸಿನಿಂದ ಮಂಜುನಾಥ ಎಂಬವರು ಬಂದಿದ್ದರು. ಶವ ಒಪ್ಪಿಸಿದ್ದಕ್ಕೆ ಮನೆಯವರು ಒಂದು ಫಾರಂ ತುಂಬಿ ಸಹಿ ಮಾಡಬೇಕಂತೆ. ಮಾಸ್ತಮ್ಮನಿಗೆ ಹೆಸರು ಗೀಚಲು ಮಾತ್ರ ಬರುತ್ತದೆ. ಅಲ್ಲಿ ಬರೆಯುವವರು ಬೇಕಷ್ಟು ಜನ ಇದ್ದರು, ಚೈತ್ರಾಳೂ ಇದ್ದಳು. ಮಾಸ್ತಮ್ಮ ಫಾರಮ್ಮನ್ನು ನನ್ನ ಕೈಗೆ ಕೊಟ್ಟಳು.

"ಸೇರ್ಸುವಾಗ್ಲೂ ನೀವೇ ಬರ್ದಿದ್ದು ಅಕ್ಕೋರೇ. ಈಗ್ಲೂ ನೀವೇ ಬರೀರಿ."

ಬೈದು ಹೇಳಿದ್ದಲ್ಲ. ಎದೆಗೆ ಚುಚ್ಚಬೇಕೆಂದೂ ಅಲ್ಲ. ಅವಳ ಮನೆಯಲ್ಲಿ ಬರೆಯುವ ಕೆಲಸ ಬಂದಾಗಲೆಲ್ಲ ನಾನೇ ಬರೆದಿದ್ದೇನೆ, ಅಷ್ಟೆ.

ಜಗಲಿಯ ಮೇಲೆ ಕೂತು ಬರೆದೆ. ಹೆಸರು: ಅಭಿಷೇಕ ಕೆ. ತಂದೆ: ದಿವಂಗತ ಕೆರಿಯಪ್ಪ. ತಾಯಿ: ಮಾಸ್ತಮ್ಮ. ಹುಟ್ಟಿದ ದಿನಾಂಕ: ೧೭-೨-೨೦೦೮. ಮಂಜುನಾಥ ಬಗ್ಗಿ ನೋಡಿ, "ಅಮ್ಮಾ, ಆಧಾರಲ್ಲಿ ಬೇರೆ ಇದೆಯಲ್ಲ" ಅಂದರು. ಸಾಗರದ ಆದೇಶವನ್ನು ಅವರ ಮುಂದಿಟ್ಟೆ. ಓದಿ ವಾಪಸ್ ಕೊಟ್ಟರು. ವಯಸ್ಸು: ೧೭ ವರ್ಷ.

ಆಮೇಲೆ ಉದ್ಯೋಗ ಎಂಬ ಕಾಲಮ್ಮು. ಪೆನ್ನು ಅಲ್ಲಿ ನಿಂತಿತು. "ಸೈನಿಕ ಅಂತ ಹಾಕಿ, ಅವರ ಕಾಗದದಲ್ಲೂ ಹಾಗೇ ಇದೆ" ಅಂದರು ಮಂಜುನಾಥ.

ಮಾಸ್ತಮ್ಮ ಪೆಟ್ಟಿಗೆಯ ಹತ್ತಿರದಿಂದಲೇ ತಲೆ ಎತ್ತಿದಳು. "ಅದು ಬ್ಯಾಡ. ಓದೋ ಹುಡುಗ ಅಂತ ಬರೀರಿ ಅಕ್ಕೋರೇ."

ಅವನು ಓದು ಬಿಟ್ಟು ಒಂದೂವರೆ ವರ್ಷವಾಗಿತ್ತು. ಇನ್ನು ಜನ್ಮದಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ಸಾಗರದ ಮೆಟ್ಟಿಲು ಇಳಿಯುವಾಗಲೇ ಅಂದುಕೊಂಡಿದ್ದೆ. ಎರಡು ವರ್ಷ ಹೋಗ್ಲಿ ಎಂದು ಅವಳು ಅಂದದ್ದನ್ನು ಕೇಳಿದ್ದರೆ, ಅವನ ವಯಸ್ಸಿಗೆ ತಕ್ಕಂತೆ ಶಾಲೆಗೆ ಬಂದಿದ್ದರೆ, ಈ ವರ್ಷ ಹೊಸನಗರದ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿರುತ್ತಿದ್ದ. ಈ ಹೊತ್ತಿಗೆ ಮಧ್ಯಾಹ್ನದ ಡಬ್ಬಿ ತೆರೆಯುತ್ತಿರುತ್ತಿದ್ದ.

ವಿದ್ಯಾರ್ಥಿ ಎಂದು ಬರೆದೆ. ಕೆಳಗೆ ಬರೆದವರ ಸಹಿ ಕೇಳಿತ್ತು, ಮಾಡಿದೆ.